ಡಾಕ್ಟ್ರಮ್ಮನ ಸಂಬಳ

ಹಲ್ಲಿನ ಡಾಕ್ಟರ ಕತ್ತಿನ ಮೇಲೆ ಯಾರಿಗೂ ಕರುಣೆಯಿಲ್ಲ. ಇಪ್ಪತ್ತು ವರ್ಷ ಊರವರ ಬಾಯಿಗೆಲ್ಲ ಬಗ್ಗಿ ಬಗ್ಗಿ ನನ್ನ ಕತ್ತಿನ ಮೂಳೆ ಸವೆದಿದೆ, ಬಲಗೈಯ ಬೆರಳುಗಳು ಜೋಮು ಹಿಡಿಯುತ್ತವೆ. ಇನ್ನು ಮೇಲೆ ಅರ್ಧ ದಿನ ಮಾತ್ರ ಕೆಲಸ ಮಾಡುತ್ತೇನೆ ಎಂದು ಗಂಡನಿಗೆ ಹೇಳಿದೆ. ನಮ್ಮ ಕ್ಲಿನಿಕ್ಕಿನಲ್ಲಿ ದುಡ್ಡಿನ ವ್ಯವಹಾರ ಅವರದು, ಬಾಯಿಗಳು ನನ್ನವು.

"ಅದಕ್ಕೇನಂತೆ, ಮಾಡೋಣ," ಎಂದರು. "ಮೊದಲು ಆ ಹೊಸ ಸ್ಕ್ಯಾನ್ ಮೆಷಿನ್ ಕೊಳ್ಳೋ ವಿಷಯ ತೀರ್ಮಾನ ಆಗ್ಲಿ. ಹಾಕಿದ ದುಡ್ಡು ಯಾವಾಗ ವಾಪಸ್ ಬರುತ್ತೆ ಅಂತ ಆಡಿಟರ್ ನೋಡ್ಲಿ."

ಆಡಿಟರು ಮಧ್ಯಾಹ್ನ ರೋಗಿಗಳಿಲ್ಲದ ಹೊತ್ತಿಗೆ ಬಂದರು. ಬಾಡಿಗೆ, ನರ್ಸ್ ಸಂಬಳ, ಹಲ್ಲು ಕಟ್ಟಿಕೊಡುವ ಲ್ಯಾಬಿನ ಬಿಲ್ಲು, ಸಾಲದ ಬಡ್ಡಿ ಎಲ್ಲ ಕಳೆದು ನಮ್ಮವರು ಎದೆಯುಬ್ಬಿಸಿ ಹೇಳಿದರು: "ವರ್ಷಕ್ಕೆ ಹನ್ನೆರಡು ಲಕ್ಷ ಲಾಭ!"

"ಇದರಲ್ಲಿ ಡಾಕ್ಟ್ರಮ್ಮನ ಸಂಬಳ ಎಲ್ಲಿ ಸಾರ್?" ಎಂದು ಆಡಿಟರು ಕೇಳಿದರು.

"ಅವಳಿಗೆಂಥಾ ಸಂಬಳ ರೀ? ಮನೆಯವಳು!" ಎಂದು ನಕ್ಕರು. ನಾನೂ ನಕ್ಕೆ. ಹಾಳು ಅಭ್ಯಾಸ.

ಆಡಿಟರು ನಗಲಿಲ್ಲ. "ಇವರ ಜಾಗಕ್ಕೆ ಇನ್ನೊಬ್ಬ ಡಾಕ್ಟರನ್ನ ಇಟ್ಕೊಂಡ್ರೆ ಎಷ್ಟು ಕೊಡ್ತೀರೋ ಅಷ್ಟನ್ನ ಕಳೀಬೇಕು. ಆಮೇಲೆ ಉಳಿದ್ರೆ ಅದು ಲಾಭ," ಎಂದು ಕಳೆದು ತೋರಿಸಿದರು. ಏನೂ ಉಳಿಯಲಿಲ್ಲ. "ನಿಮ್ಮ ಬಂಡವಾಳಕ್ಕೆ ಒಂದು ಕಾಸೂ ಹುಟ್ಟಿಲ್ಲ ಸಾರ್. ಲಾಭ ಅಂದ್ಕೊಂಡಿದ್ದೆಲ್ಲ ಡಾಕ್ಟ್ರಮ್ಮನ ದುಡಿಮೆ."

ನನ್ನ ದುಡಿಮೆಗೆ ಬೆಲೆಯಿದೆ ಎಂದು ಹೊರಗಿನವರೊಬ್ಬರು ಬಾಯಿಬಿಟ್ಟು ಹೇಳಿದ್ದರು. ಈಗ ನಮ್ಮವರೂ ಏನಾದರೂ ಹೇಳುತ್ತಾರೆ ಎಂದು ಕಾದೆ. ಅಯ್ಯೋ, ದೊಡ್ಡ ಮಾತೇನೂ ಬೇಕಿರಲಿಲ್ಲ. 'ಪಾಪ ಕಣೇ' ಎಂದಿದ್ದರೂ ಸಾಕಾಗಿತ್ತು.

ಅವರು ಮುಖ ಸಪ್ಪಗೆ ಮಾಡಿಕೊಂಡು ಕ್ಯಾಲ್ಕ್ಯುಲೇಟರ್ ಒತ್ತಿದರು, ಮತ್ತೆ ಒತ್ತಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ಕೆಟ್ಟತನವೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

"ಹಾಗಾದ್ರೆ ನೀನಿಲ್ದೆ ನಡೆಯೋ ಹಾಗೇ ಇಲ್ವಲ್ಲೇ," ಎಂದರು. "ಅರ್ಧ ದಿನದ ಮಾತು ಬಿಟ್ಬಿಡು."

ಆಡಿಟರು ತಲೆ ತಗ್ಗಿಸಿ ಕಾಗದ ಜೋಡಿಸತೊಡಗಿದರು. ನರ್ಸ್ ಇಣುಕಿ, ರೋಗಿ ಬಂದಿದ್ದಾರೆ ಎಂದಳು. ನಾನು ಎದ್ದು ಕೈ ತೊಳೆಯಲು ಹೋದೆ. ಅಳು ಹೊರಗೆ ಕೇಳಿಸಬಾರದೆಂದು ನಲ್ಲಿಯನ್ನು ಜೋರಾಗಿ ಬಿಟ್ಟೆ. ನೀನಿಲ್ಲದೆ ನಡೆಯುವುದಿಲ್ಲ ಎಂಬ ಒಂದು ಮಾತನ್ನು ಇವರ ಬಾಯಲ್ಲಿ ಕೇಳಬೇಕೆಂದು ಮದುವೆಯಾದಾಗಿನಿಂದ ಆಸೆಪಟ್ಟಿದ್ದೆ. ಕೊನೆಗೂ ಹೇಳಿದ್ದರು.