ನಡುಮನೆಯ ಹಗೇವು

ನಮ್ಮ ಇಳಕಲ್ಲಿನ ಮನೆಯನ್ನು ಮಾರಿ ಬಾದಾಮಿಗೆ, ಗಂಡ ತೀರಿಹೋಗಿ ಎರಡು ಮಕ್ಕಳೊಂದಿಗಿದ್ದ ನನ್ನ ಅಕ್ಕನ ಹತ್ತಿರ, ಹೋಗುವುದೆಂದು ಅಪ್ಪ ನಿಶ್ಚಯಿಸಿದ್ದ. ಕೊಳ್ಳುವವಳು ಸೀರೆ ನೇಯುವ ಮನೆಯ ಕಾಸಿಂಬಿ. ಮೊದಲ ಸಲ ಬಂದಾಗಲೇ ನಡುಮನೆಯ ಬೆಳಕಿಂಡಿ ನೋಡಿ, ಮಗ್ಗದ ಕುಣಿಯನ್ನು ಅದರ ಕೆಳಗೇ ತೋಡಿಸುವುದಾಗಿ ಹೇಳಿದ್ದಳು. ಅವಳ ಗಂಡ ಅಹ್ಮದಸಾಬ ನೇಯುತ್ತ ದಿನವೆಲ್ಲ ಕಾಲು ಇಳಿಬಿಟ್ಟು ಕೂಡಬೇಕಾದದ್ದು ಅದರಲ್ಲೇ.

ಅಪ್ಪ ಕೆಮ್ಮಿದ, ಅಷ್ಟೇ. ಆ ನೆಲದ ಕೆಳಗೆ ಹಗೇವು ಇತ್ತು, ಅಜ್ಜ ಜೋಳ ತುಂಬಿಡುತ್ತಿದ್ದ ಆಳೆತ್ತರದ ಗುಂಡಿ. ಅದು ಖಾಲಿಯಾದ ಮೇಲೆ ಅಪ್ಪ ಮಣ್ಣು ತುಂಬಿಸದೆ, ಬಾಯಿಗೆ ಪರ್ಶಿ ಕಲ್ಲು ಹಾಸಿ ಸಾರಿಸಿಬಿಟ್ಟಿದ್ದ. ಕಾಸಿಂಬಿಗೆ ಹೇಳಬೇಕಲ್ಲ ಎಂದು ನಾನು ಅಂದರೆ, ಅವಳು ಕೇಳಿದರೆ ಹೇಳೋಣ ಎಂದ. ಹಗೇವಿನ ಮಾತೆತ್ತಿದ್ದಕ್ಕೇ, ಮೊದಲು ಕೊಳ್ಳಲು ಬಂದಿದ್ದ ಇಬ್ಬರು ಹಿಂದೆ ಸರಿದಿದ್ದರು. ಅವನ ಮುಖ ನೋಡಿ ನಾನೂ ಸುಮ್ಮನಾದೆ.

ಮಂಗಳವಾರ ಖರೀದಿ ಪತ್ರ ಬರೆಯುವ ಸಂಗಯ್ಯ ಕರಡು ತಂದರು. ಕಾಸಿಂಬಿಯೂ ಬಂದಿದ್ದಳು; ಅವಳಿಗೆ ಓದು ಬರದು. ಬಿ.ಎ. ಆದವಳು ನೀನೇ ಓದಿ ಹೇಳು ಎಂದು ನನ್ನ ಕೈಗೆ ಕೊಟ್ಟರು. ಪಶ್ಚಿಮಕ್ಕೆ ರಾಚಯ್ಯನ ಗೋಡೆ, ಹನ್ನೆರಡು ತೊಲೆ, ಮೂರು ಬಾಗಿಲು ಎಂದು ಓದುತ್ತ, ‘ಮನೆಯನ್ನು ಸಂಪೂರ್ಣ ನೋಡಿ ಒಪ್ಪಿರುತ್ತೇನೆ’ ಎಂಬಲ್ಲಿಗೆ ಬಂದು ನಿಂತೆ.

“ಮುಂದ ಓದವ್ವ,” ಎಂದರು ಸಂಗಯ್ಯ.

“ಇವರು ಪೂರಾ ನೋಡಿಲ್ರಿ.” ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. “ಬೆಳಕಿಂಡಿ ಕೆಳಗ ಹಗೇವು ಐತಿ. ಒಳಗ ಖಾಲಿ ಐತಿ.”

ನೆಲದ ಕೆಳಗಿನದನ್ನು ಯಾವ ಪತ್ರದಲ್ಲೂ ಬರೆಯುವುದಿಲ್ಲ, ಮುನ್ಸಿಪಾಲ್ಟಿ ಕೇಳುವುದು ಕರ ಕಟ್ಟಿದ ಪಾವತಿಯನ್ನಷ್ಟೇ ಎಂದು ಸಂಗಯ್ಯ ಸಮಜಾಯಿಷಿ ಕೊಟ್ಟರು.

“ಸಂತಿ ತಕ್ಕಡಿ ಕಲ್ಲಿಗೆ ಸರಕಾರದವರು ನೋಡಿ ಮುದ್ರಿ ಒತ್ತತಾರ,” ಎಂದಳು ಕಾಸಿಂಬಿ. “ಮನಷ್ಯಾರು ಮಲಗೋ ಮನಿ ಯಾರೂ ನೋಡಂಗಿಲ್ಲೇನ್ರಿ?”

“ಹಂಗ ನೋಡಾಕ ನಿಂತ್ರ ಊರಾಗ ಒಂದ ಮನೀನೂ ಮಾರಂಗಿಲ್ಲ. ನಂದಂತೂ ಮೊದಲ ಮಾರಂಗಿಲ್ಲ,” ಎಂದರು ಸಂಗಯ್ಯ.

ಕಾಸಿಂಬಿ ಎದ್ದು ಮೂಲೆಯ ಒನಕೆ ತಂದು ನೆಲ ಕುಟ್ಟಿದಳು. ಪೊಳ್ಳು ಸದ್ದು ಬಂತು. ಮನೆ ಮಾರದಿದ್ದರೆ ಅಕ್ಕನ ಮಕ್ಕಳನ್ನು ಸಾಕುವುದು ಹೇಗೆ ಎಂದು ನನಗೆ ಅನ್ನಿಸಿತು.

“ಇದನ್ನ ತುಂಬಬೌದು,” ಎಂದು ಅವಳು ಅಪ್ಪನ ಕಡೆ ತಿರುಗಿದಳು. “ಮತ್ತೇನೈತಿ, ಅಣ್ಣಾರ?”

ಅಪ್ಪ ಎದ್ದು, ಅಡಿಗೆಮನೆಯ ಬಾಗಿಲ ಮೇಲಕ್ಕೆ ಕೈ ಮಾಡಿದ.

“ಈ ತೊಲಿ ತುದಿಗೆ ಗೆದ್ದಲ ಹತ್ತೈತಿ, ತಂಗಿ. ಹಿತ್ತಲ ಗ್ವಾಡಿನೂ ನೋಡು ಬಾ.”

ಇಬ್ಬರೂ ಹಿತ್ತಲಿಗೆ ನಡೆದರು. ಮಳೆಗಾಲದಲ್ಲಿ ನೀರು ಎಲ್ಲಿಂದ ಒಳಗೆ ಬರುತ್ತದೆ, ಯಾವ ಕಲ್ಲು ಸಡಿಲ ಎಂದು ಅಪ್ಪ ಒಂದೊಂದಾಗಿ ತೋರಿಸುತ್ತಿದ್ದುದು ಕೇಳಿಸಿತು. ಹಗೇವನ್ನು ಅಪ್ಪನೇ ತುಂಬಿಸಿ ಕೊಡಬೇಕು, ಹೆಬ್ಬೆಟ್ಟು ಅದಾದ ಮೇಲೆಯೇ ಎಂದಳು ಕಾಸಿಂಬಿ. ಅಪ್ಪ ಒಪ್ಪಿದ.

ಸಂಗಯ್ಯ ಉಸಿರು ಬಿಟ್ಟು, ಪೆನ್ನನ್ನು ನನ್ನ ಕಡೆ ಚಾಚಿದರು. ನಾನು ಇನ್ನೊಂದು ಹಾಳೆ ಕೇಳಿ ತೆಗೆದುಕೊಂಡು, ಅಪ್ಪ ತೋರಿಸಿದ್ದನ್ನೆಲ್ಲ ಪತ್ರಕ್ಕೆ ಸೇರಿಸಿ ಬರೆಯಲೆಂದು, ಅವರ ಮಾತು ಕೇಳಿಸುವಷ್ಟು ಹತ್ತಿರ, ಹಿತ್ತಲ ಬಾಗಿಲಲ್ಲಿ ಹೋಗಿ ಕೂತೆ.