ಒಂದು ಗೇಣು ಒಳಗೆ

“ತಲೆ ಮೊದಲೋ ಕಾಲು ಮೊದಲೋ, ಏನಾದ್ರೂ ಒಂದು ತೀರ್ಮಾನ ಮಾಡ್ರಪ್ಪ, ನನ್ನ ಕೈ ಬಿದ್ದುಹೋಗ್ತಿದೆ” ಎಂದ ಗೋಲಿಗೆ ಬಲೆ ಕಟ್ಟುವವನು.

ಮಂಚದ ಎರಡು ಕಾಲು ಹೊಸ್ತಿಲ ಆಚೆ, ಎರಡು ಈಚೆ. ಗ್ಯಾಲರಿಯ ಮೆಟ್ಟಿಲುಗಳ ಅಡಿಯಲ್ಲಿ ಉಳಿದ ಜಾಗಕ್ಕೆ ಗೋಡೆ ಕಟ್ಟಿ ಮಾಡಿದ ಮನೆ ಅದು. ಒಳಗೆ ಹೋದಂತೆ ಚಾವಣಿ ಇಳಿಯುತ್ತಿತ್ತು. ಬಾಗಿಲು, ಒಬ್ಬ ಮನುಷ್ಯ ಒಂದು ಬಕೆಟ್ ಹಿಡಿದು ಹೋಗುವಷ್ಟು ಅಗಲ. ಮಲಗಿಕೊಂಡು ಹೊರಗೆ ಬರುವವರೂ ಇರುತ್ತಾರೆಂದು ಕಟ್ಟಿದವರಿಗೆ ಹೊಳೆದಿರಲಿಲ್ಲ.

“ಕಾಲು ಮೊದಲು ಬರಲಿ” ಎಂದ ಇನ್ನೊಬ್ಬ.

“ಅವನೆಲ್ಲಿ ಕಾಲು ಮುಂದಿಟ್ಟು ನಡೆದಿದ್ದ? ಮೂವತ್ತೊಂದು ವರ್ಷ ಸುಣ್ಣದ ಗಾಡಿ ಎಳ್ಕೊಂಡು ಹಿಂದಕ್ಕೇ ನಡೆದವನು. ಬೆನ್ನು ಮೊದಲು ಬರೋ ಹಾಗೆ ತಿರುಗಿಸಿ” ಎಂದ ಮೈಕಣ್ಣ.

ನಾಲ್ವರೂ ನಕ್ಕರು. ನಕ್ಕದ್ದಕ್ಕೆ ಮಂಚ ಅಲುಗಿತು, ಅಲುಗಿದ್ದಕ್ಕೆ ಬಾಗಿಲು ದಾಟಿತು.

ಸತ್ತವನು ಆ ಫುಟ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಹಾಕುವವನು. ಎಲ್ಲರ ಬಾಯಲ್ಲೂ ಗೆರೆಯಪ್ಪ. ಮೈಕಣ್ಣ ಪಂದ್ಯದ ದಿನ ಮೈಕಿನಲ್ಲಿ ಆಟಗಾರರ ಹೆಸರು ಕೂಗುವವನು. ಮೈಕಿನ ಅಣ್ಣ ಸವೆದು ಮೈಕಣ್ಣ ಆಗಿದ್ದ. ಮೈಯಲ್ಲಿ ಇರೋದೆಲ್ಲ ಬಾಯಿ, ಕಣ್ಣು ಎಲ್ಲಿಂದ ಬಂತು ಎಂದು ಗೆರೆಯಪ್ಪನೇ ಕೇಳುತ್ತಿದ್ದ.

ಮಗಳು ಗೋಡೆಗೊರಗಿ ನಿಂತು ಆಫೀಸಿನ ಕಡೆಯ ದಾರಿ ನೋಡುತ್ತಿದ್ದಳು. ಸಂಜೆ ನಾಲ್ಕಕ್ಕೆ ಪಂದ್ಯ. ಗೆರೆ ಇನ್ನೂ ಬಿದ್ದಿಲ್ಲ. ಮೈದಾನದ ಮ್ಯಾನೇಜರು ಬಂದ ಕೂಡಲೇ ಇವತ್ತಿನ ಗೆರೆ ತನಗೇ ಕೊಡಿ ಎಂದು ಕೇಳಬೇಕು. ಅಪ್ಪನ ಕೆಲಸ ತನಗೆ ಸಿಕ್ಕರೆ ಅಮ್ಮನಿಗೆ ಈ ಇಳಿಜಾರು ಮನೆ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಅದು ಅವಳನ್ನೂ ಅಪ್ಪನನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಹೆಣ ಒಯ್ಯುವ ಗಾಡಿ ತಡವಾಯಿತು. ಕಾಯುತ್ತ ಕೂತವರಿಗೆ ಮಾತು ಬೇಕಾಯಿತು.

“ಗೆರೆ ಸೊಟ್ಟ ಇದೆಯಲ್ಲಪ್ಪ ಅಂದ್ರೆ ಏನಂತಿದ್ದ ಹೇಳಿ” ಎಂದು ಮೈಕಣ್ಣ ಗಂಟಲು ಸರಿಮಾಡಿಕೊಂಡ. ಗೆರೆಯಪ್ಪನದೇ ಎರಡು ಒಣಕೆಮ್ಮು, ಒಂದು ಉದ್ದ ಉಸಿರು. “ಗೆರೆ ನೆಟ್ಟಗಿದೆ ಸಾರ್. ಭೂಮಿ ದುಂಡಗಿದೆ, ಅದಕ್ಕೆ ನಾನೇನು ಮಾಡ್ಲಿ?”

ನಗು ಮೇಲಿನ ಮೆಟ್ಟಿಲುಗಳಿಗೆ ತಾಕಿ ಮರಳಿತು. ಮೈಕಣ್ಣನಿಗೆ ಹುರುಪು ಬಂತು. ಇನ್ನೆರಡು ಕೆಮ್ಮು ಕೆಮ್ಮಿ, “ಏ ಇವಳೇ, ಒಂದಿಷ್ಟು ನೀರು ಕೊಡೇ, ಗಂಟಲೆಲ್ಲ ಸುಣ್ಣ” ಎಂದ.

“ಬಂದೆ, ಇರಿ” ಎಂದಳು ಅಮ್ಮ ಒಳಗಿನಿಂದ.

ನಗು ಅಲ್ಲಿಗೇ ನಿಂತಿತು. ಅಮ್ಮ ನೀರಿನ ಲೋಟ ಹಿಡಿದು ಬಾಗಿಲಿಗೆ ಬಂದಳು. ಮಂಚದ ಮೇಲಿದ್ದವನನ್ನು ನೋಡಿದಳು, ಮೈಕಣ್ಣನನ್ನು ನೋಡಿದಳು. ಮೈಕಣ್ಣ ತಲೆ ತಗ್ಗಿಸಿದ.

“ತಗೋ ಕುಡಿ. ತಂದಾಯ್ತಲ್ಲ” ಎಂದು ಲೋಟವನ್ನು ಅವನ ಕೈಗೇ ಕೊಟ್ಟು ಒಳಗೆ ಹೋದಳು.

ಆಗ ಮ್ಯಾನೇಜರು ಹೂವಿನೊಂದಿಗೆ ಬಂದರು. ಅವರು ಹೂವಿಟ್ಟು, “ನಾವು ಹಾಕಿದ ಗೆರೆ ಇವನು ದಾಟಲಿಲ್ಲ, ಇವನು ಹಾಕಿದ ಗೆರೆ ಒಂದು ದಿನವೂ ತಪ್ಪಲಿಲ್ಲ” ಎಂದರು. ದಾರಿಯಲ್ಲಿ ಹೊಂದಿಸಿಕೊಂಡು ಬಂದ ಮಾತಾದರೂ ಅವರ ದನಿ ನಿಜಕ್ಕೂ ಒದ್ದೆಯಾಗಿತ್ತು.

“ಸರ್, ಇವತ್ತಿನ ಗೆರೆ ನಾನು ಹಾಕ್ತೀನಿ” ಎಂದಳು ಮಗಳು.

“ಏನಮ್ಮ ಇದು, ಅಪ್ಪನ್ನ ಮಣ್ಣಿಗೆ ಕಳಿಸೋ ದಿನ.”

“ಎರಡು ವರ್ಷದಿಂದ ನಾನೇ ಹಾಕ್ತಿರೋದು. ಅಪ್ಪಂಗೆ ಕಣ್ಣು ಕಾಣ್ತಿರಲಿಲ್ಲ.”

ಮ್ಯಾನೇಜರು ಅವಳ ಭುಜ ಮುಟ್ಟಿದರು. “ದಿನಾ ಬೆಳಿಗ್ಗೆ ಆಫೀಸಿನ ಕಿಟಕಿಯಿಂದ ನಾನೇ ನೋಡ್ತಿದ್ದೆ ತಾಯಿ. ಅದೇ ಟೋಪಿ, ಅದೇ ಕೋಟು. ಅವನ ಕೆಮ್ಮು ಕೇಳಿ ಗಡಿಯಾರ ಸರಿಮಾಡ್ಕೋಬಹುದಿತ್ತು.”

“ಆ ಕೆಮ್ಮೂ ನಂದೇ ಸರ್.” ಅವಳು ಕೆಮ್ಮಿ ತೋರಿಸಿದಳು. ಎರಡು ಒಣಕೆಮ್ಮು, ಒಂದು ಉದ್ದ ಉಸಿರು.

“ಅಳಬೇಡ, ಅಳಬೇಡ” ಎಂದರು ಮ್ಯಾನೇಜರು. “ಗೆರೆ ಚಿಂತೆ ಬಿಡು. ಹಗ್ಗ ಹಿಡಿಯೋ ಕಾಲ ಮುಗೀತು. ಮಿಷಿನ್ ಬರ್ತಿದೆ, ಹನ್ನೆರಡಕ್ಕೆ ಅವರೇ ಹಾಕಿ ಹೋಗ್ತಾರೆ. ಕೂದಲೆಳೆಯಷ್ಟೂ ಆಚೀಚೆ ಆಗಲ್ಲವಂತೆ.”

ಕೂದಲೆಳೆಯ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ಅವಳ ತಲೆಯಲ್ಲಿ ಇದ್ದದ್ದು ಒಂದು ಗೇಣು.

*

ಅಪ್ಪನ ಎರಡು ಕಣ್ಣಿಗೂ ಸುಣ್ಣವೇ ಬಿದ್ದಿತ್ತು. ಬೆಣ್ಣೆ ಯಾರ ಪಾಲಾಯಿತೋ. ಮೊದಲು ಎಡಗಣ್ಣು ಮಂಜಾಯಿತು, ಆಮೇಲೆ ಬಲಗಣ್ಣು. ಅಮ್ಮನಿಗೆ ಕೂಡ ಅವನು ಹೇಳಲಿಲ್ಲ. ಮನೆಯೊಳಗೆ ಹನ್ನೊಂದು ಹೆಜ್ಜೆ, ಅವು ಅವನಿಗೆ ಬಾಯಿಪಾಠ.

ಮಗಳಿಗೆ ಮಾತ್ರ ಹೇಳಿದ. ಅವಳು ಅಪ್ಪನ ಟೋಪಿ ಕೋಟು ಹಾಕಿಕೊಂಡು ಗಾಡಿ ಎಳೆಯುವುದು, ಅಪ್ಪ ಅವಳ ಶಾಲು ಹೊದ್ದು ಹಗ್ಗದ ತುದಿ ಹಿಡಿದು ಕೂರುವುದು ಎಂದಾಯಿತು. ನೋಡಿದವರಿಗೆ ಗೆರೆಯಪ್ಪ ದುಡಿಯುತ್ತಿದ್ದಾನೆ, ಮಗಳು ಸಹಾಯಕ್ಕೆ ಕೂತಿದ್ದಾಳೆ.

“ಇಷ್ಟು ವಯಸ್ಸಾದ ಮೇಲೆ ನಿನಗೆ ಮಗಳಾದೆ ನೋಡು” ಎಂದು ಅಪ್ಪ ಶಾಲಿನೊಳಗೆ ನಗುತ್ತಿದ್ದ.

ನಡಿಗೆ ಅವಳಿಗೆ ಬೇಗ ಬಂತು. ಕೆಮ್ಮು ಕಲಿಯಲು ವಾರ ಹಿಡಿಯಿತು. “ಅಷ್ಟು ಚೆನ್ನಾಗಿ ಕೆಮ್ಮಬೇಡ, ಡಾಕ್ಟರ ಹತ್ರ ಕಳಿಸಿಬಿಟ್ಟಾರು” ಎನ್ನುತ್ತಿದ್ದ. ಗೆರೆ ಹೇಗೆ ಬೀಳುತ್ತಿದೆ ಎಂದು ಅವನು ಕಿವಿಯಲ್ಲೇ ನೋಡುತ್ತಿದ್ದ. “ಚಕ್ರ ಅಳ್ತಿದೆ. ಬಲಕ್ಕೆ ಹೋಗ್ತಿದೀಯ.” ಅವಳು ನೋಡಿದರೆ ಹೌದು, ಬಲಕ್ಕೇ.

ಅಂಚಿನ ಗೆರೆಗಳಿಗೆ ನೆಲದಲ್ಲಿ ಗೂಟಗಳಿದ್ದವು. ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿಗೆ ಮಾತ್ರ ಗಂಟು ಹಾಕಿದ ಹಗ್ಗವೇ ಅಳತೆ. ಹಳೆಯ ಹಗ್ಗ ಎಳೆ ಬಿಟ್ಟು ಸವೆದಾಗ ಅವಳು ಹೊಸದನ್ನು ತಂದು, ಹಳೆಯದರ ಪಕ್ಕ ಹಾಸಿ, ಗಂಟಿಗೆ ಗಂಟು ಕೂಡಿಸಿದಳು. ಒಂದು ರಾತ್ರಿ ಅದು ಮಳೆಯಲ್ಲಿ ನೆನೆಯಿತು. ಒಣಗುತ್ತ ಗಿಡ್ಡವಾಯಿತು. ಅವಳಿಗೆ ತಿಳಿಯಲಿಲ್ಲ.

ಕಳೆದ ವರ್ಷದ ಫೈನಲ್ಲಿಗೆ ಮೈದಾನಕ್ಕೆ ಹೊಸ ಹುಲ್ಲು ಹಾಸಿದ್ದರು. ಆ ಹುಲ್ಲಿನ ಮೇಲೆ ಮೊದಲ ಗೆರೆಯನ್ನು ಅವಳು ಆ ಹಗ್ಗದಲ್ಲಿ ಹಾಕಿದಳು. ಆಟ ಮುಗಿಯಲು ಐದು ನಿಮಿಷವಿದ್ದಾಗ ಊರಿನ ತಂಡದವನೊಬ್ಬನನ್ನು ಎದುರಾಳಿ ಕೆಡವಿದ. ರೆಫರಿ ಓಡಿ ಬಂದು ಗೆರೆ ನೋಡಿ ಬೆರಳನ್ನು ಹೊರಕ್ಕೆ ತೋರಿಸಿದ. ಬಾಕ್ಸಿನ ಹೊರಗೆ ಬಿದ್ದಿದ್ದಾನೆ, ಪೆನಾಲ್ಟಿ ಇಲ್ಲ. ಊರು ಒಂದು ಗೋಲಿನಿಂದ ಸೋತಿತು. ಜನ ತಿಂಗಳುಗಟ್ಟಲೆ ರೆಫರಿಯ ವಂಶವನ್ನೇ ಬೈದರು. ಗೆರೆಯನ್ನು ಯಾರೂ ಬೈಯಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ಚಪ್ಪಲಿ ಬಿಟ್ಟು, ಗೋಲಿನ ಗೆರೆಯಿಂದ ಹಿಮ್ಮಡಿಗೆ ಹೆಬ್ಬೆರಳು ಕೂಡಿಸುತ್ತ ಅಳೆದ.

“ಒಂದು ಗೇಣು ಒಳಗೆ ಬಿದ್ದಿದೆ. ಹಗ್ಗ ನೆನೆದಿತ್ತಾ?”

“ಹೂಂ.”

ಅಪ್ಪ ಬಹಳ ಹೊತ್ತು ಹುಲ್ಲನ್ನು ಕಾಲಿನಿಂದ ತಡವುತ್ತ ನಿಂತ. “ಇನ್ನು ಮೇಲೂ ಇಲ್ಲೇ ಹಾಕು.”

“ತಪ್ಪು ಅಂತ ಗೊತ್ತಿದ್ದೂ?”

“ಸುಣ್ಣಕ್ಕೆ ಹುಲ್ಲು ಆಗಲೇ ಸುಟ್ಟಿದೆ. ಪಕ್ಕದಲ್ಲಿ ಸರಿ ಗೆರೆ ಹಾಕಿದ್ರೆ ಸುಟ್ಟಿದ್ದು ಎದ್ದು ನಿಂತು ಸಾಕ್ಷಿ ಹೇಳುತ್ತೆ. ಎರಡು ಗೆರೆ ಕಂಡ ದಿನ ನಮಗೆ ಇಲ್ಲಿ ಮುಖ ಇರಲ್ಲ.”

ಹಾಗೆ ಒಂದು ವರ್ಷ ಅವಳು ತಪ್ಪಿನ ಮೇಲೆ ತಪ್ಪನ್ನು, ಎಳ್ಳಷ್ಟೂ ಗೆರೆ ತಪ್ಪದಂತೆ, ಹಾಕಿಕೊಂಡು ಬಂದಳು.

*

ಮಣ್ಣು ಮಾಡುವ ಹೊತ್ತಿಗೆ ಹನ್ನೆರಡು ದಾಟಿತ್ತು. ಮಗಳು ಹಿಡಿಮಣ್ಣು ಹಾಕಿ ಕೈ ಕೊಡವದೆ ನಿಂತಿದ್ದಳು. ಎಲ್ಲೋ ಮೋಟಾರಿನ ಸದ್ದಾದಾಗಲೆಲ್ಲ ಮೈದಾನದ ಕಡೆ ತಿರುಗುತ್ತಿದ್ದಳು.

“ಅಕ್ಕಾ” ಎಂದ ಮೈಕಣ್ಣ ಅಮ್ಮನಿಗೆ. “ಬೆಳಿಗ್ಗೆ ನಾನು ಹಾಗೆ ಮಾಡಬಾರದಿತ್ತು.”

“ಬಿಡು. ಇನ್ನೊಂದು ಸಲ ಕೇಳಿದ ಹಾಗಾಯ್ತು.”

“ಆಟ ಶುರುವಾಗೋ ಮೊದಲು ಎಲ್ಲರೂ ಎದ್ದು ಒಂದು ನಿಮಿಷ ಮೌನ ನಿಲ್ಲೋ ಹಾಗೆ ಮೈಕಲ್ಲಿ ಹೇಳ್ತೀನಿ. ಮ್ಯಾನೇಜರು ಒಪ್ಪಿದ್ದಾರೆ. ನೀವು ಬಂದು ನೋಡಿ.”

“ಅಷ್ಟು ಜನಾನೂ ಏಳ್ತಾರಾ, ಅವರಿಗೆ?” ಎಂದಳು ಅಮ್ಮ.

“ಏಳದೆ? ಎಬ್ಬಿಸ್ತೀನಿ.”

*

ಎರಡು ಗಂಟೆಗೆ ಮಗಳು ಮೈದಾನಕ್ಕೆ ಇಳಿದಾಗ ಮಿಷಿನ್ನಿನವರು ಕೆಲಸ ಮುಗಿಸಿ ಹೋಗಿದ್ದರು. ಬಾಕ್ಸಿನ ಹೊಸ ಬಿಳಿ ಗೆರೆ ಹಲ್ಲುಜ್ಜಿದ ಹಾಗಿತ್ತು. ಅದರ ಒಳಗೆ, ಅದರಷ್ಟೇ ನೆಟ್ಟಗೆ, ಸತ್ತ ಹುಲ್ಲಿನ ಹಳದಿ ಗೆರೆ ಮಲಗಿತ್ತು. ಮ್ಯಾನೇಜರು ಕುಕ್ಕರುಗಾಲಲ್ಲಿ ಕೂತು ಎರಡರ ನಡುವೆ ಅಂಗೈ ಚಾಚಿದ್ದರು. ಹೆಬ್ಬೆರಳು ಹಳದಿಯ ಮೇಲೆ, ಕಿರುಬೆರಳು ಬಿಳಿಯ ಮೇಲೆ.

“ಸರಿಯಾಗಿ ಒಂದು ಗೇಣು” ಎಂದರು.

“ಹಾಗಾದ್ರೆ ಫೈನಲ್ಲಲ್ಲಿ ಅದು ಪೆನಾಲ್ಟಿನೇ” ಎಂದ ಬಲೆ ಕಟ್ಟುವವನು. ಬೆಳಿಗ್ಗೆ ಮಂಚ ಹೊತ್ತ ಭುಜವನ್ನು ಅವನು ಇನ್ನೂ ತಿಕ್ಕಿಕೊಳ್ಳುತ್ತಿದ್ದ. “ಒಂದು ವರ್ಷ ರೆಫರಿಗೆ ಬೈದೆವಲ್ಲ. ಕಪ್ ನುಂಗಿದವನನ್ನ ನಾನೇ ಹೊತ್ಕೊಂಡು ಹೋಗಿ ಬಂದೆ.”

“ಬೇಕಂತ ಹಾಕಿದ್ನೋ ಏನೋ” ಎಂದ ಇನ್ನೊಬ್ಬ.

“ಆ ಗೆರೆ ನಂದು” ಎಂದಳು ಮಗಳು.

ಎಲ್ಲರೂ ತಿರುಗಿದರು.

“ಹಗ್ಗ ನೆನೆದು ಗಿಡ್ಡ ಆಗಿತ್ತು ಸರ್. ಮನೇಲಿದೆ, ತರ್ತೀನಿ, ಅಳೆದು ನೋಡಿ. ಅಪ್ಪಂದಲ್ಲ ತಪ್ಪು.”

ಮ್ಯಾನೇಜರು ಮಂಡಿ ಹಿಡಿದು ಎದ್ದರು. ಕೋಪ ಇರಲಿಲ್ಲ, ಇದ್ದಿದ್ದರೆ ಒಳ್ಳೆಯದಿತ್ತು.

“ಬೆಳಿಗ್ಗೆ ಕೆಲಸಕ್ಕೋಸ್ಕರ ನಂದು ಅಂದೆ. ಈಗ ಅಪ್ಪನ ಮಾನಕ್ಕೋಸ್ಕರ ನಂದು ಅಂತೀಯ. ಒಳ್ಳೆ ಮಗಳಮ್ಮ ನೀನು. ಮನೆಗೆ ಹೋಗು.”

“ಹಗ್ಗ...”

“ಹಗ್ಗ ಅವನದೇ ತಾನೆ?”

ಅವಳು ಅಲ್ಲೇ ನಿಂತಿದ್ದ ಮೈಕಣ್ಣನ ಕಡೆ ನೋಡಿದಳು. ಊರಿನಲ್ಲಿರುವವರ ದನಿಯನ್ನೆಲ್ಲ ಬಾಯಲ್ಲಿ ಇಟ್ಟುಕೊಂಡವನು ತನ್ನದೇ ದನಿ ಹುಡುಕುತ್ತಿದ್ದ.

“ಒಂದು ನಿಮಿಷ ಮೌನದ್ದು, ಸರ್?” ಎಂದ ಕೊನೆಗೆ.

“ಬೇಡ. ಗ್ಯಾಲರಿಯಿಂದ ಎರಡು ಗೆರೆನೂ ಕಾಣುತ್ತೆ. ಅವನ ಹೆಸರು ಎತ್ತಿದ್ರೆ ಜನ ಮೌನ ಇರಲ್ಲ.” ಮ್ಯಾನೇಜರು ಬೆಂಚುಗಳಿಗೆ ಬಣ್ಣ ಬಳಿಯುವವನನ್ನು ಕೈಸನ್ನೆ ಮಾಡಿ ಕರೆದರು. “ಹಳೇದರ ಮೇಲೆ ಹಸಿರು ಬಳಿದುಬಿಡು. ಬೇಗ. ಬಾಗಿಲು ತೆಗೀಬೇಕು.”

ಬಣ್ಣದವನು ಡಬ್ಬಿ ಬಿಚ್ಚಿದ. ಅದರ ಹಸಿರು ಹುಲ್ಲಿನ ಹಸಿರಾಗಿರಲಿಲ್ಲ. ಬೆಂಚು ಬಾಗಿಲುಗಳಿಗೆ ಹೊಡೆದು ಉಳಿದ ಹಸಿರು. ಕುಂಚ ಹೋದಲ್ಲೆಲ್ಲ ಹಳದಿ ಹೋಗಿ, ಮೊದಲಿಗಿಂತ ಎದ್ದು ಕಾಣುವ ಇನ್ನೊಂದು ಗೆರೆ ಹುಟ್ಟುತ್ತಿತ್ತು.

ಅಮ್ಮ ತಲೆ ಬಾಚಿಕೊಂಡು, ಬೆಳಿಗ್ಗೆಯ ಸೀರೆ ಬದಲಿಸಿ, ಗ್ಯಾಲರಿಯ ಕಂಬಿಯ ಕಟಾಂಜನದ ಬಳಿ ಬಂದು ನಿಂತಿದ್ದಳು. ಮಗಳು ಮೆಟ್ಟಿಲು ಹತ್ತಿ ಅವಳ ಪಕ್ಕಕ್ಕೆ ಬಂದಳು.

“ಅದೇನು ಬಳೀತಿದ್ದಾರೆ? ಯಾವತ್ತೂ ಇರಲಿಲ್ಲ” ಎಂದಳು ಅಮ್ಮ.

ಮಗಳು ಕೆಳಗೆ ಕುಂಚವನ್ನೇ ನೋಡಿದಳು.

“ನಿಮ್ಮಪ್ಪನಿಗಾ?”

“ಹೂಂ” ಎಂದಳು ಮಗಳು.

“ಅವರು ಹಾಕ್ತಿದ್ದ ಜಾಗದಲ್ಲೇ ಬಳೀತಿದ್ದಾರೆ, ನೋಡು.”

ಬಣ್ಣದವನು ಬಾಕ್ಸಿನ ಮೊದಲ ಬದಿ ಮುಗಿಸಿ ಮೂಲೆಯಲ್ಲಿ ತಿರುಗಿದ. ಅಮ್ಮ ಕಟಾಂಜನದಿಂದ ಕೈ ತೆಗೆದಳು. ಎರಡೂ ಕೈ ಪಕ್ಕಕ್ಕೆ ಬಿಟ್ಟು, ಕಾಲು ಜೋಡಿಸಿ, ಕತ್ತು ನೆಟ್ಟಗೆ ಮಾಡಿ ನಿಂತಳು. ಖಾಲಿ ಗ್ಯಾಲರಿಯಲ್ಲಿ ಮೊದಲು ಬಂದ ನಾಲ್ಕಾರು ಮಂದಿ ತಮ್ಮ ಜಾಗ ಹುಡುಕುತ್ತ, ಏನನ್ನೋ ಮೆಲ್ಲುತ್ತ, ಅವಳನ್ನು ಸುತ್ತಿಕೊಂಡು ದಾಟಿಹೋದರು. ಕುಂಚ ಮೂರನೆಯ ಬದಿಯ ತುದಿ ಮುಟ್ಟಿ, ಬಣ್ಣದವನು ಡಬ್ಬಿ ಎತ್ತಿಕೊಂಡು ಹೋಗುವವರೆಗೂ ಅವಳು ಅಲುಗಲಿಲ್ಲ.