ದೋಣಿಯಾಕೆಯ ಷರತ್ತು

ಈಜುಬಟ್ಟೆಗಳನ್ನು ಬೇಸಿನ್ನಿನಲ್ಲಿ ಜಾಲಿಸಿ, ಹಿಂಡಿ, ಬಾಲ್ಕನಿಯ ಕಂಬಿಯ ಮೇಲೆ ಹರವುತ್ತಿದ್ದೆ. ನಮಗೆ ರಜೆ ಸಿಕ್ಕರೂ ಬಟ್ಟೆ ಒಗೆಯುವುದಕ್ಕೆ ರಜೆಯಿಲ್ಲ. ಎಷ್ಟು ಜಾಲಿಸಿದರೂ ಮರಳು ಪೂರ್ತಿ ಹೋಗುವುದಿಲ್ಲ. ಹೊಲಿಗೆಯ ಸಂದಿಯಲ್ಲಿ ಅವಿತು ಕೂತು, ಒಣಗಿದ ಮೇಲೆ ಹಾಸಿಗೆಯ ತುಂಬಾ ಉದುರುತ್ತದೆ. ಗಂಡನ ಚಡ್ಡಿಯ ಜೇಬು ತಿರುವಿ ಕೊಡವುತ್ತಿದ್ದಾಗ ಮಗಳು ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಚಡ್ಡಿ ಕೈಜಾರಿ ಕೆಳಗಿನವರ ಬಾಲ್ಕನಿಗೆ ಬಿತ್ತು.

"ಅಯ್ಯೋ, ಅಪ್ಪನ ಚಡ್ಡಿ ಹೋಯ್ತಲ್ಲೇ!"

ಅವಳಿಗೆ ಅದರ ಪರಿವೆಯೇ ಇಲ್ಲ. ಪಕ್ಕದ ಬಾಲ್ಕನಿಯಲ್ಲಿ ಒಬ್ಬಾತ ಪೇಪರ್ ಓದುತ್ತಿದ್ದ. ಅವನಿಗೆ ನಮ್ಮ ಭಾಷೆಯ ಒಂದಕ್ಷರವೂ ಬಾರದು. ಆದರೂ ಅವನತ್ತ ಓರೆಗಣ್ಣಲ್ಲಿ ನೋಡಿ, ಬಾಯನ್ನು ನನ್ನ ಕಿವಿಗೆ ಅಂಟಿಸಿ, ಬರೀ ಉಸಿರಿನಲ್ಲಿ ಹೇಳಿದಳು. "ದೋಣಿ ಬಂದಿದೆ. ನನ್ನನ್ನ ಕರ್ಕೊಂಡು ಹೋಗ್ತಾರಾ ಕೇಳಮ್ಮ."

ನಾವು ಈ ದೇಶಕ್ಕೆ ಬಂದು ವರ್ಷ ದಾಟಿತ್ತು. ಗಂಡ ಲಿಫ್ಟ್ ಮೆಕ್ಯಾನಿಕ್. ನಾನು ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಪ್ಯಾಂಟುಗಳ ಉದ್ದ ಕಡಿಮೆ ಮಾಡುತ್ತೇನೆ, ಕೋಟುಗಳ ಒಳಬಟ್ಟೆ ಬದಲಿಸುತ್ತೇನೆ. ಮಗಳಿಗೆ ಆರು ತುಂಬಿದೆ. ಮನೆಯಲ್ಲಿ ಅವಳ ಮಾತು ಅರಳು ಹುರಿದ ಹಾಗೆ. ಅದಕ್ಕೇ ನಮ್ಮತ್ತೆ ಅವಳನ್ನು ಕರೆಯುವುದು ಚಿನಕುರಳಿ ಎಂದು. ಆದರೆ ಹೊಸಿಲು ದಾಟಿದಳೋ, ಬಾಯಿಗೆ ಬೀಗ. ಶಾಲೆಗೆ ಸೇರಿದ ಹೊಸದರಲ್ಲಿ ಏನೋ ಹೇಳಲು ಹೋಗಿ ತಪ್ಪಾಯಿತಂತೆ, ಇಡೀ ತರಗತಿ ನಕ್ಕಿತಂತೆ. ಅಂದಿನಿಂದ ಹೊರಗಿನವರ್ಯಾರೂ ಅವಳ ದನಿ ಕೇಳಿಲ್ಲ. ಕಿವಿ ಪರೀಕ್ಷೆಯಾಯಿತು, ಗಂಟಲು ಪರೀಕ್ಷೆಯಾಯಿತು. ಎರಡಕ್ಕೂ ಏನೂ ಆಗಿಲ್ಲ. ಪಾಠ ಅರ್ಥವಾಗುತ್ತದೆ, ಮುದ್ದಾಗಿ ಬರೆಯುತ್ತಾಳೆ. ಮಾತು ಮಾತ್ರ ನನ್ನ ಕಿವಿಯವರೆಗೆ ಬಂದು ನಿಲ್ಲುತ್ತದೆ.

ರಜೆಗೆ ಮೊದಲು ಟೀಚರ್ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. "ಯಾವ ಭಾಷೆಯಾದ್ರೂ ಸರಿ, ಹೊರಗಿನವರ ಹತ್ತಿರ ಒಂದು ಸಲ ಬಾಯಿ ಬಿಡಲಿ. ಒಂದು ಸಲ ಬಿಟ್ಟರೆ ಮುಂದಿನದನ್ನ ನಾನು ನೋಡ್ಕೋತೀನಿ. ರಜೆ ಮುಗಿದ ಮೇಲೂ ಹೀಗೇ ಇದ್ದರೆ ಚಿಕ್ಕ ಮಕ್ಕಳ ತರಗತಿಗೆ ವಾಪಸ್ ಕಳಿಸಲೇಬೇಕಾಗುತ್ತೆ." ಆ ಮಾತನ್ನು ಟವೆಲ್ಲುಗಳ ಜೊತೆ ಸಮುದ್ರದವರೆಗೂ ಹೊತ್ತು ತಂದಿದ್ದೆ.

ಪ್ರತಿ ರಜೆಗೂ ಊರಿಗೆ ಓಡಬೇಕೆಂಬುದು ಹೊರದೇಶದಲ್ಲಿರುವವರ ಹಣೆಬರಹ. ಈ ಸಲ ಅತ್ತೆಯೇ ನಮ್ಮಲ್ಲಿಗೆ ಬಂದಿದ್ದರಿಂದ, ಊರೇ ಇಲ್ಲಿಗೆ ಬಂದಂತಾಯಿತಲ್ಲ ಎಂದು ಧೈರ್ಯ ಮಾಡಿ ಕಡಲತೀರದಲ್ಲಿ ಅಡುಗೆಮನೆಯಿರುವ ಎರಡು ಕೋಣೆ ಹಿಡಿದಿದ್ದೆವು. "ಊರಿಗೆ ಬರೋದು ಬಿಟ್ಟು ಉಪ್ಪುನೀರು ಕುಡಿಯೋಕೆ ಹೊರಟ್ರಾ?" ಎಂದು ನಾದಿನಿ ಫೋನಿನಲ್ಲಿ ಚುಚ್ಚಿದಳು. "ನಿನಗೂ ಒಂದು ಬಾಟ್ಲಿ ತುಂಬಿಸಿ ಕಳಿಸ್ತೀನಿ ಬಿಡು, ಸಾರಿಗೆ ಉಪ್ಪು ಹಾಕೋ ಕೆಲಸ ತಪ್ಪುತ್ತೆ" ಎಂದು ಇವರು ನಕ್ಕು ಫೋನಿಟ್ಟರು.

ಚಡ್ಡಿಯನ್ನು ಅದರ ಪಾಡಿಗೆ ಬಿಟ್ಟು ಮಗಳ ಕೈ ಹಿಡಿದು ಕೆಳಗಿಳಿದೆ. ದೋಣಿ ನಡೆಸುವವಳು ದಪ್ಪನೆಯ ಹೆಂಗಸು. ಕಿತ್ತಳೆ ಬಣ್ಣದ ಜಾಕೆಟ್ಟು, ಬಿಸಿಲಿಗೆ ಸುಲಿದ ಮೂಗು. ಮಕ್ಕಳನ್ನು ಹತ್ತಿಸಿಕೊಂಡು, ದೂರದ ಬಂಡೆಯನ್ನು ಒಂದು ಸುತ್ತು ಹಾಕಿ ತಂದು ಬಿಡುತ್ತಾಳೆ. ಬಂಡೆಯ ಆಚೆ ಬದಿಯಲ್ಲಿ ಏನಿದೆ ಎಂಬುದು ಹೋಗಿಬಂದ ಮಕ್ಕಳಿಗೆ ಮಾತ್ರ ಗೊತ್ತು. ನಮ್ಮವಳ ಸಂಕಟವೆಲ್ಲ ಅದೇ.

"ಇವಳನ್ನೂ ಕರ್ಕೊಂಡು ಹೋಗ್ತೀರಾ?" ಎಂದು ಅವರ ಭಾಷೆಯಲ್ಲಿ ಕೇಳಿದೆ.

"ಬರೋದು ಯಾರು, ನೀವಾ ಅವಳಾ?"

"ಅವಳು."

"ಹಾಗಾದ್ರೆ ಅವಳೇ ಕೇಳಲಿ."

"ಸ್ವಲ್ಪ ನಾಚಿಕೆ..."

"ನಾಚಿಕೆ ಇರಲಿ, ನನ್ನದೇನೂ ಅಭ್ಯಂತರ ಇಲ್ಲ. ಆದ್ರೆ ಅಪ್ಪ ಅಮ್ಮ ಕೇಳಿ ಹತ್ತಿಸಿದ ಮಕ್ಕಳು ಬಂಡೆ ಹತ್ತಿರ ಹೋದ ಕೂಡಲೇ ಅಳೋಕೆ ಶುರು ಮಾಡ್ತವೆ. ಒಂದು ಅತ್ತರೆ ಇಡೀ ದೋಣಿ ಅಳುತ್ತೆ. ಅದಕ್ಕೇ ತಾವೇ ಬಾಯಿಬಿಟ್ಟು ಕೇಳಿದವರನ್ನ ಮಾತ್ರ ಹತ್ತಿಸೋದು."

ಮಗಳು ಜೋರಾಗಿ ತಲೆಯಾಡಿಸಿದಳು. ದೋಣಿಯಾಕೆ ತಾನೂ ಅಷ್ಟೇ ಜೋರಾಗಿ ಅಡ್ಡಡ್ಡ ತಲೆಯಾಡಿಸಿದಳು. ದೋಣಿ ಹೊರಟೇಹೋಯಿತು.

ಆಮೇಲೆ ದಿನವೂ ಇದೇ. ದೋಣಿ ಬಂದ ಕೂಡಲೇ ಮಗಳು ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತಿದ್ದಳು. ದೋಣಿಯಾಕೆ ಕೊಂಚ ಹೊತ್ತು ಕಾದು, ಹುಬ್ಬು ಹಾರಿಸಿ, ಹೊರಡುತ್ತಿದ್ದಳು. ಕೋಣೆಗೆ ಮರಳಿದ ಮೇಲೆ ನಾನು ಪಾತ್ರೆ ತೊಳೆಯುತ್ತಾ ದೋಣಿಯಾಕೆಯಾಗುತ್ತಿದ್ದೆ. ಅವಳು ಕುರ್ಚಿ ಹತ್ತಿ ನಿಂತು, ಈ ದೇಶದ ಭಾಷೆಯಲ್ಲಿ, ಒಂದು ಕೊಂಬೂ ತಪ್ಪದಂತೆ ಕೇಳುತ್ತಿದ್ದಳು. ನನಗಿಂತ ಚೆನ್ನಾಗಿಯೇ. ದಡಕ್ಕೆ ಹೋದರೆ ಮತ್ತೆ ಮೂಕಿ.

"ನಾನು ಹೋಗಿ ಆ ಯಮ್ಮನ ಕಿವಿಗೆ ಹಾಕಿ ಬರ್ಲಾ? ಪಾಪ, ಮಗು ಒಣಗ್ತಿದೆ" ಎಂದರು ಇವರು.

"ಬೇಡ ರೀ. ಅವಳಾಗೇ ಕೇಳಲಿ."

"ಲಿಫ್ಟ್ ಸಿಕ್ಕಿಹಾಕಿಕೊಂಡ್ರೆ ಬಾಗಿಲು ಮೀಟಿ ತೆಗೀತೀವಪ್ಪ ನಾವು."

"ಇವಳೇನು ಲಿಫ್ಟಾ?"

ಹಾಗೆಂದೆನೇ ಹೊರತು, ಅವಳು ನೀರಿನಲ್ಲಿ ನಿಂತಾಗಲೆಲ್ಲ ನನ್ನ ನಾಲಗೆ ತುದಿಗೂ ಆ ಪ್ರಶ್ನೆ ಬಂದು ಕೂರುತ್ತಿತ್ತು. ಒದ್ದೆ ಟವೆಲ್ಲನ್ನು ಹಿಂಡಿದ್ದನ್ನೇ ಹಿಂಡುತ್ತಾ ನುಂಗಿಕೊಳ್ಳುತ್ತಿದ್ದೆ.

ಅತ್ತೆಗೆ ಇಂಥ ತೊಡಕುಗಳಿಲ್ಲ. ಅವರು ಬಂದ ದಿನದಿಂದ ಎಲ್ಲರ ಜೊತೆಯೂ ಅಚ್ಚ ಕನ್ನಡದಲ್ಲೇ ಮಾತು. ಕೆಳಗಿನ ಮನೆಯ ಬಾಗಿಲು ತಟ್ಟಿ, "ನಮ್ಮ ಹುಡುಗನ ಚಡ್ಡಿ ನಿಮ್ಮಲ್ಲಿಗೆ ಬಿದ್ದಿದೆ, ಕೊಡಿ ತಾಯಿ" ಎಂದು ಕೇಳಿ, ಚಡ್ಡಿಯ ಜೊತೆಗೆ ಎರಡು ಪೀಚ್ ಹಣ್ಣನ್ನೂ ತಂದವರು ಅವರೇ. ಕೊನೆಯ ದಿನ ಬೆಳಿಗ್ಗೆ ಬಿಸಿಲು ಅವರ ಮುಖಕ್ಕೇ ಹೊಡೆಯುತ್ತಿತ್ತು. ದಡದಲ್ಲಿ ಕೊಡೆ ಬಾಡಿಗೆಗೆ ಕೊಡುವ ಹುಡುಗನನ್ನು ಚಪ್ಪಾಳೆ ತಟ್ಟಿ ಕರೆದರು.

"ಬಾರಪ್ಪ ಇಲ್ಲಿ. ಈ ಕೊಡೇನ ಸ್ವಲ್ಪ ಆಚೆ ನೆಡು. ನೆರಳೆಲ್ಲ ಮರಳಿಗೆ ಬಿದ್ದಿದೆ. ದುಡ್ಡು ಕೊಟ್ಟೋರು ನಾವಾ, ಮರಳಾ?"

ಅವನು ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದ. ಗಾಳಿಯ ಕಡೆ ಕೈ ತೋರಿಸಿದ. "ಅದೂ ನಿಜವೇ" ಎಂದು ಅತ್ತೆ ಒಪ್ಪಿದರು. ಇಬ್ಬರೂ ಚೌಕಾಸಿ ಮಾಡಿದಂತೆ ಹಿಂದೆ ಮುಂದೆ ನೋಡಿ, ಕೊನೆಗೆ ಅವನು ಕೊಡೆ ಕಿತ್ತು ಓರೆಯಾಗಿ ನೆಟ್ಟ. ಅತ್ತೆಯ ಮೇಲೆ ದುಂಡನೆಯ ನೆರಳು ಬಿತ್ತು. ಗೆದ್ದ ರಾಣಿಯ ಹಾಗೆ ಕಾಲು ಚಾಚಿದರು.

ಮಗಳು ಬಾಯಿ ತೆರೆದು ನೋಡುತ್ತಿದ್ದಳು. ಅವನು ಅತ್ತ ಹೋದ ಮೇಲೆ ಅಜ್ಜಿಯ ಮಗ್ಗುಲಿಗೆ ಸರಿದು, "ಅಜ್ಜಿ, ಅವನಿಗೆ ಕನ್ನಡ ಬರುತ್ತಾ?" ಎಂದು ಪಿಸುಗುಟ್ಟಿದಳು.

"ಎಲ್ಲಿಂದ ಬರ್ಬೇಕು!"

"ನಿನಗೆ ಅವನದು ಬರುತ್ತಾ?"

"ನನಗೂ ಬರಲ್ಲ. ಸಮ ಆಯ್ತಲ್ಲ."

"ಮತ್ತೆ ತಪ್ಪು ಹೇಳಿಬಿಟ್ರೆ?"

"ತಪ್ಪು ಅಂತ ಗೊತ್ತಾಗೋಕೆ ಅವನಿಗೆ ಕನ್ನಡ ಬರ್ಬೇಕಲ್ಲೇ ಚಿನಕುರಳಿ!"

ಮಗಳು ಇದನ್ನು ಬಹಳ ಹೊತ್ತು ಮನಸ್ಸಿನಲ್ಲೇ ಅರೆದಳು. "ಅವನು ನಕ್ಕಿದ್ರೆ?"

"ನಾನೂ ನಗ್ತಿದ್ದೆ. ನನಗೆ ಹಲ್ಲಿಲ್ವಾ?" ಎಂದು ಅತ್ತೆ ಹಲ್ಲು ತೋರಿಸಿದರು. ಮುಂದಿನವೆರಡು ನಿಜಕ್ಕೂ ಇರಲಿಲ್ಲ. ಅಜ್ಜಿ ಮೊಮ್ಮಗಳು ಇಬ್ಬರೂ ಉರುಳಾಡಿ ನಕ್ಕರು.

ಮಧ್ಯಾಹ್ನ ಕೊನೆಯ ಸುತ್ತಿಗೆ ದೋಣಿ ಬಂತು. ಹಿಂದಿನ ದಿನಗಳಂತೆ ಮಗಳು ನೀರಿಗಿಳಿದಳು. ಇವರು ಬೀಸಣಿಗೆಯ ಹಾಗೆ ಆಡಿಸುತ್ತಿದ್ದ ಟೋಪಿಯನ್ನು ನಿಲ್ಲಿಸಿದರು. ನಾನು ಎದ್ದು ನಿಂತುಬಿಟ್ಟಿದ್ದೆ. ದೋಣಿಯಾಕೆ ಮಕ್ಕಳಿಗೆಲ್ಲ ಜಾಕೆಟ್ಟು ತೊಡಿಸಿ, ಗುಂಡಿ ಹಾಕಿ, ನಮ್ಮವಳ ಕಡೆ ತಿರುಗಿ ಹುಬ್ಬು ಹಾರಿಸಿದಳು. ಮಗಳ ತುಟಿ ಅಲುಗಿತು. ದನಿ ಹೊರಡಲಿಲ್ಲ. ನನ್ನ ಗಂಟಲೊಳಗೆ ಆ ವಾಕ್ಯ ಪೂರ್ತಿ ಸಿದ್ಧವಾಗಿ ನಿಂತಿತ್ತು. ಒಂದು ಕೂಗು ಹಾಕಿದ್ದರೆ ಕೆಲಸ ಆಗಿಹೋಗುತ್ತಿತ್ತೇನೋ. ಟವೆಲ್ಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ.

ದೋಣಿಯಾಕೆ ಹಗ್ಗ ಎಳೆದಳು. ಮೋಟಾರು ಗುಡುಗುಡು ಎಂದಿತು. ದೋಣಿ ಹಿಂದೆ ಸರಿದು, ಮೂತಿ ತಿರುಗಿಸಿ, ಬಂಡೆಯತ್ತ ಹೊರಟಿತು.

"ಏಯ್!"

ಯಾರ ದನಿ ಎಂದು ನನಗೇ ಒಂದು ಕ್ಷಣ ಹೊಳೆಯಲಿಲ್ಲ. ಮನೆಯೊಳಗೆ ಅಷ್ಟು ದೊಡ್ಡ ದನಿ ಬೇಕಾಗಿಯೇ ಇರಲಿಲ್ಲ.

"ಏಯ್! ದೋಣಿ ಆಂಟಿ! ನಿಲ್ಸಿ! ನಿಲ್ಸೀ!"

ಕೈಯೆರಡನ್ನೂ ಎತ್ತಿ, ಸೊಂಟದವರೆಗಿನ ನೀರನ್ನು ಸೀಳಿಕೊಂಡು ಹೋಗುತ್ತಿದ್ದಾಳೆ ನನ್ನ ಮಗಳು. ಕೊಡೆಗಳ ಕೆಳಗಿದ್ದವರೆಲ್ಲ ತಿರುಗಿ ನೋಡಿದರು. ಕೊಡೆಯ ಹುಡುಗ ನಿಂತಲ್ಲೇ ನಿಂತ. ಯಾರೋ ನಕ್ಕರು. ಅವಳಿಗೂ ಅದು ಕೇಳಿಸಿತು. ಆ ಕಡೆ ತಿರುಗಿ ಒಂದು ಸಲ ಹಲ್ಲು ಕಿರಿದು, ಮತ್ತೆ ಮುಂದಕ್ಕೆ ನುಗ್ಗಿದಳು. "ಭಲೇ!" ಎಂದು ಅತ್ತೆ ತೊಡೆ ತಟ್ಟಿದರು. ಇವರು ಟೋಪಿಯನ್ನು ಗಾಳಿಗೆ ಎಸೆದು, ಮಗಳ ಹಿಂದೆ ಪ್ಯಾಂಟು ಸಮೇತ ನೀರಿಗೆ ಓಡಿದರು.

ದೋಣಿಯಾಕೆ ಮೋಟಾರು ನಿಲ್ಲಿಸಿದಳು. ದೋಣಿ ಅಲೆಯ ಮೇಲೆ ಮೆಲ್ಲಗೆ ತೂಗುತ್ತಾ ಮಗಳ ಕಡೆಗೇ ತೇಲಿ ಬಂತು. ಆಕೆ ಬಗ್ಗಿ, ಅಂಗೈಯನ್ನು ಕಿವಿಗೆ ಒತ್ತಿ ಕಾದಳು. ಆಕೆಯ ಆ ಕಿವಿ ನನ್ನ ಕಿವಿಯಷ್ಟು ಹತ್ತಿರವಿರಲಿಲ್ಲ. ಮಗಳು ನನ್ನ ಕಡೆ ತಿರುಗಿಯೂ ನೋಡದೆ, ಎದೆ ತುಂಬ ಉಸಿರೆಳೆದುಕೊಂಡು, ಆಚೆ ಬಂಡೆಗೂ ಕೇಳುವಂತೆ, ನಮ್ಮ ಮನೆಯ ಮಾತಿನಲ್ಲೇ ಕೇಳಿದಳು:

"ನಾನೂ ಬರ್ಲಾ?"